ಗಾಲಿ ಬಂತು, ಕೈ ಬರಲಿಲ್ಲ

‘ಯವ್ವಾ, ಮತ್ತ ಬಿತ್ತ.’

ನಮ್ಮ ಮನೆಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತಿದು. ಬಿದ್ದದ್ದು ಮೊಬೈಲ್ ಇರಬಹುದು, ಚಮಚೆ ಇರಬಹುದು, ಟಿ.ವಿ. ರಿಮೋಟು ಇರಬಹುದು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಬಗ್ಗಿ ಎತ್ತಿಕೊಟ್ಟು, ಮತ್ತೆ ಹೋಗಿ ಕೂಡುತ್ತಾಳೆ. 2006ರ ಫೆಬ್ರುವರಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೊರಟಿದ್ದ ಮೆಣಸಿನಕಾಯಿ ಚೀಲಗಳ ಲೋಡಿನ ಮೇಲಿಂದ ನನ್ನ ತಮ್ಮ ಬಿದ್ದ. ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಪೆಟ್ಟು. ಕಾಲು ಪೂರ್ತಿ ಹೋದವು. ಭುಜ ಆಡುತ್ತದೆ, ಮೊಳಕೈ ಮಡಚುತ್ತದೆ, ಬಲಗೈ ಮಣಿಕಟ್ಟು ಒಂದಿಷ್ಟು ಮೇಲೆ ಏಳುತ್ತದೆ. ಬೆರಳು ಮಾತ್ರ ಒಂದೂ ಅವನ ಮಾತು ಕೇಳುವುದಿಲ್ಲ. ಆಗ ಅವ್ವನಿಗೆ ಐವತ್ಮೂರು. ಈಗ ಎಪ್ಪತ್ತೆರಡು. ಬಿದ್ದದ್ದನ್ನು ಎತ್ತುವಾಗ ಅವಳೀಗ ಒಂದು ಕೈಯಿಂದ ಗೋಡೆ ಹಿಡಿಯುತ್ತಾಳೆ.

ಹಾವೇರಿ ಜಿಲ್ಲೆಗೆ 2025ರ ಆಗಸ್ಟ್ 24ಕ್ಕೆ 28 ವರ್ಷ ತುಂಬಿತು. ಪ್ರತಿ ವರ್ಷ ನಮ್ಮ ಪತ್ರಿಕೆಯ ಈ ಸಂಚಿಕೆಯಲ್ಲಿ ನಾವು ಜಿಲ್ಲೆಯ ಲೆಕ್ಕ ತೆಗೆಯುತ್ತ ಬಂದಿದ್ದೇವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕದ್ದು, ರಟ್ಟೀಹಳ್ಳಿ ತಾಲ್ಲೂಕಾದದ್ದು, 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ನಡೆದದ್ದು, ಜಿಲ್ಲೆಗೆ ತನ್ನದೇ ವೈದ್ಯಕೀಯ ಕಾಲೇಜು ಬಂದದ್ದು, ಎಲ್ಲವನ್ನೂ ಬರೆದಿದ್ದೇವೆ. ರಸ್ತೆ, ನೀರಾವರಿ, ಬೀಜೋತ್ಪಾದನೆ, ಮೆಣಸಿನಕಾಯಿ ದರ, ಇವುಗಳ ಏರಿಳಿತ ಒಂದು ವರ್ಷವೂ ತಪ್ಪಿಲ್ಲ. ಈ ಸಲ ಅವನ್ನೆಲ್ಲ ಬದಿಗಿಟ್ಟು ಒಂದೇ ಲೆಕ್ಕ ನೋಡಬೇಕೆನಿಸಿದೆ. ನಡೆಯಲಾರದವರಿಗೆ, ಅದರಲ್ಲೂ ನಡೆಯಲೂ ಹಿಡಿಯಲೂ ಆಗದವರಿಗೆ, ಈ 28 ವರ್ಷಗಳಲ್ಲಿ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆ ಏನು ಬಂತು, ಏನು ಬರಲಿಲ್ಲ?

ಬಂದದ್ದನ್ನು ಮೊದಲು ಹೇಳಬೇಕು, ಅದು ಸಣ್ಣದಲ್ಲ. 1997ರಲ್ಲಿ ಜಿಲ್ಲೆ ಧಾರವಾಡದಿಂದ ಬೇರೆಯಾದಾಗ ಅಂಗವಿಕಲರ ಕಾಯ್ದೆ ಬಂದು ಇನ್ನೂ ಎರಡೇ ವರ್ಷ. 1995ರ ಆ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿತ್ತು. ರಾಜ್ಯದಲ್ಲಿ ಅಂಗವಿಕಲರಿಗೆಂದೇ ಪ್ರತ್ಯೇಕ ಇಲಾಖೆ ಶುರುವಾದದ್ದು 1988ರಲ್ಲಿ. ಆಗ ಹಳ್ಳಿಗಳಲ್ಲಿ ಕಾಲಿಲ್ಲದವರೆಂದರೆ ಹೆಚ್ಚಾಗಿ ಪೋಲಿಯೊ ಬಂದವರೇ. ಅಂಗೈಗೆ ಚಪ್ಪಲಿ ಸಿಗಿಸಿಕೊಂಡು ನೆಲದ ಮೇಲೆ ತೆವಳುತ್ತ ಸಂತೆಗೆ ಬರುವವರನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದಾರೆ. ಇವತ್ತು ಆ ನೋಟ ಅಪರೂಪ. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಭಾನುವಾರ ಬೂತಿನಲ್ಲಿ ಕೂತು ಎರಡು ಹನಿ ಹಾಕಿದ ಅಂಗನವಾಡಿ ಕಾರ್ಯಕರ್ತೆಯರಿಗೆ ನಮ್ಮ ಜಿಲ್ಲೆ ಋಣಿ.

ತೆವಳುತ್ತಿದ್ದವರು ಮೊದಲು ಏರಿದ್ದು ಕೈಯಿಂದ ಪೆಡಲ್ ತಿರುಗಿಸುವ ತ್ರಿಚಕ್ರ ಸೈಕಲ್. ಕಾನ್ಪುರದ ಅಲಿಂಕೊ, ಅಂದರೆ ಕೇಂದ್ರ ಸರ್ಕಾರದ ಕೃತಕ ಅಂಗ ತಯಾರಿಕಾ ಸಂಸ್ಥೆ, 1972ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಸಾಧನಗಳನ್ನು ಬಡವರಿಗೆ ಮುಟ್ಟಿಸುವ ಅಡಿಪ್ ಯೋಜನೆ 1981ರಲ್ಲಿ ಬಂತು. ಆಮೇಲೆ ಬ್ಯಾಟರಿ ಹಾಕಿದ ತ್ರಿಚಕ್ರ ವಾಹನ. ಆಮೇಲೆ ರಾಜ್ಯ ಸರ್ಕಾರ ಕೊಟ್ಟ, ಹಿಂದೆ ಎರಡು ಹೆಚ್ಚುವರಿ ಗಾಲಿ ಕೂಡಿಸಿದ ಸ್ಕೂಟರ್. ರಾಣೆಬೆನ್ನೂರಿನ ಬಸ್ ನಿಲ್ದಾಣದ ಮುಂದೆ ಅಂಥ ಸ್ಕೂಟರ್ ನಿಲ್ಲಿಸಿಕೊಂಡು ಹಣ್ಣು ಮಾರುವವರಿದ್ದಾರೆ. ಝೆರಾಕ್ಸ್ ಅಂಗಡಿ ಇಟ್ಟವರಿದ್ದಾರೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೇವರಗುಡ್ಡದ ಜಾತ್ರೆಗೆ ಹೋಗಿಬರುವವರಿದ್ದಾರೆ. ಆ ಸ್ಕೂಟರ್ ಎಷ್ಟು ಮನೆಗಳ ಒಲೆ ಉರಿಸಿದೆ ಎಂಬುದನ್ನು ಯಾವ ವಾರ್ಷಿಕ ವರದಿಯೂ ಹೇಳಲಾರದು.

ಹೊಸ ಪೀಳಿಗೆಯ ಸಾಧನಗಳೂ ಬಂದವು. ಮದ್ರಾಸ್ ಐಐಟಿಯ ಪುನರ್ವಸತಿ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರ ತಂಡ 2019ರಲ್ಲಿ ಎದ್ದು ನಿಲ್ಲಿಸುವ ಗಾಲಿಕುರ್ಚಿ ‘ಅರೈಸ್’ ತಂದಿತು. ಅದೇ ಕೇಂದ್ರದ ಕೂಸಾದ ನಿಯೋಮೋಷನ್ ಕಂಪನಿ, ಕೂರುವವರ ಮೈ ಅಳತೆಗೆ ಹೊಂದಿಸಿ ಮಾಡುವ ‘ನಿಯೋಫ್ಲೈ’ ಕುರ್ಚಿಯನ್ನೂ, ಅದರ ಮುಂದೆ ಸಿಕ್ಕಿಸಿಕೊಂಡು ರಸ್ತೆಯ ಮೇಲೆ ಓಡಿಸುವ ‘ನಿಯೋಬೋಲ್ಟ್’ ಬ್ಯಾಟರಿ ಗಾಲಿಯನ್ನೂ ತಯಾರಿಸಿತು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ, ಹುಬ್ಬಳ್ಳಿಯ ಕಿಮ್ಸ್ ಆವರಣದಲ್ಲಿ ಕೃತಕ ಕಾಲು ಜೋಡಿಸುವ ಮಹಾವೀರ ಲಿಂಬ್ ಸೆಂಟರ್, ಇವೆಲ್ಲ ಸರ್ಕಾರ ಮುಟ್ಟದ ಕಡೆ ಕೆಲಸ ಮಾಡಿವೆ.

ಈಗ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ತ್ರಿಚಕ್ರಕ್ಕೆ ಪೆಡಲ್ ತಿರುಗಿಸಲು ಕೈ ಬೇಕು. ಸ್ಕೂಟರಿನ ಆಕ್ಸಿಲರೇಟರ್ ಹಿಂಡಲು, ಬ್ರೇಕ್ ಹಿಡಿಯಲು ಕೈ ಬೇಕು. ನಿಯೋಬೋಲ್ಟ್‌ಗೆ ಹ್ಯಾಂಡಲ್ ಇದೆ, ಹ್ಯಾಂಡಲ್ ಹಿಡಿಯಲು ಕೈ ಬೇಕು. ಹೊಲಿಗೆ ಯಂತ್ರ ಕೊಡುವ ಯೋಜನೆಯಿದೆ, ಅದಕ್ಕಂತೂ ಎರಡು ಕೈ ಬೇಕು. ಕಾಲು ಹೋದವರಿಗೆ ಕೈಯೇ ಕಾಲಾಗುತ್ತದೆ ಎಂಬ ನಂಬಿಕೆಯ ಮೇಲೆ ಐವತ್ತು ವರ್ಷಗಳ ಯೋಜನೆಗಳೆಲ್ಲ ನಿಂತಿವೆ. ಬಹಳ ಜನಕ್ಕೆ ಅದು ಸರಿಯಾಗಿಯೇ ಇತ್ತು, ಏಕೆಂದರೆ ಆಗಿನ ದೊಡ್ಡ ಪಾಲು ಪೋಲಿಯೊ ಆಗಿತ್ತು. ಪೋಲಿಯೊ ಹೋಯಿತು, ನಂಬಿಕೆ ಮಾತ್ರ ಹಾಗೇ ಉಳಿಯಿತು.

ಪೋಲಿಯೊ ಹೋದ ಜಾಗಕ್ಕೆ ಬೇರೆ ಕಾರಣಗಳು ಬಂದು ಕೂತಿವೆ. ಹಾನಗಲ್ಲ, ಹಿರೇಕೆರೂರ ಕಡೆ ಅಡಿಕೆ ಮರದಿಂದ ಬಿದ್ದವರು. ಬಣವೆ ಒಟ್ಟುವಾಗ ಜಾರಿದವರು. ಟ್ರ್ಯಾಕ್ಟರ್ ಮಗುಚಿ ಪೆಟ್ಟಾದವರು. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು. ದೀಪಾವಳಿ ಮುಗಿದ ಮೇಲೆ ಊರೂರಲ್ಲಿ ನಡೆಯುವ ಕೊಬ್ಬರಿ ಹೋರಿ ಬೆದರಿಸುವ ಹಂಗಾಮು ನಮ್ಮ ಜಿಲ್ಲೆಯ ಹೆಮ್ಮೆ. ಅದರ ಬೆನ್ನಿಗೇ ಹೋರಿ ಹಾಯ್ದು ಆದ ಸಾವುನೋವಿನ ಸುದ್ದಿಯೂ ಪತ್ರಿಕೆಗಳಲ್ಲಿ ಬರುತ್ತದೆ. ಸತ್ತವರ ಹೆಸರು ಅಚ್ಚಾಗುತ್ತದೆ. ಗಾಯಾಳುಗಳು ‘ಆಸ್ಪತ್ರೆಗೆ ದಾಖಲು’ ಎಂಬಲ್ಲಿಗೆ ಮುಗಿಯುತ್ತಾರೆ. ಆರು ತಿಂಗಳ ಮೇಲೆ ಅವರು ಮನೆಗೆ ಬಂದು ಹೇಗಿದ್ದಾರೆ ಎಂದು ಬಾಗಿಲು ತಟ್ಟಿ ಕೇಳಿದ ಪತ್ರಿಕೆ ಇಲ್ಲ, ನಮ್ಮದೂ ಸೇರಿ. ಇವರ ಜೊತೆಗೆ ಮಸ್ಕ್ಯುಲರ್ ಡಿಸ್ಟ್ರೋಫಿ ಇರುವ ಹುಡುಗರಿದ್ದಾರೆ. ಸ್ನಾಯು ಮೊದಲು ಕಾಲಲ್ಲಿ ಸೋಲುತ್ತದೆ, ಕೆಲವು ವರ್ಷಗಳಲ್ಲಿ ತೋಳಲ್ಲಿ ಸೋಲುತ್ತದೆ. ಸೆರೆಬ್ರಲ್ ಪಾಲ್ಸಿಯ ಮಕ್ಕಳಿದ್ದಾರೆ. ಪಾರ್ಶ್ವವಾಯು ಹೊಡೆದ ಹಿರಿಯರಿದ್ದಾರೆ.

ಇವರಿಗೆ ಕೈ ಇದೆ. ಕತ್ತರಿಸಿ ಹೋಗಿಲ್ಲ. ಹೀಗಾಗಿ ಕೃತಕ ಕೈ ಜೋಡಿಸುವ ಶಿಬಿರಗಳಿಗೆ ಇವರು ಸಲ್ಲುವುದಿಲ್ಲ. ಕಾಲಿನ ಲೆಕ್ಕದಲ್ಲಿ ಗಾಲಿ ಸಿಗುತ್ತದೆ. ಕೈಯ ಲೆಕ್ಕದಲ್ಲಿ ಸಿಗುವುದು ಒಬ್ಬ ಅವ್ವ, ಒಬ್ಬ ಹೆಂಡತಿ, ಶಾಲೆ ಬಿಡಿಸಿದ ಒಬ್ಬ ತಂಗಿ.

ನನ್ನ ತಮ್ಮನಿಗೆ ಮೊದಲು ಸಿಕ್ಕ ಸಾಧನ ಕೈಪೆಡಲಿನ ತ್ರಿಚಕ್ರ. ಶಿಬಿರವೊಂದರಲ್ಲಿ ಸಾಲಾಗಿ ಕೂರಿಸಿ, ಪ್ರಮಾಣಪತ್ರ ನೋಡಿ, ಸೊಂಟದ ಅಗಲ ಅಳೆದು ಕೊಟ್ಟರು. ಪೆಡಲ್ ಹಿಡಿಯಲು ಬೆರಳಿಲ್ಲ ಎಂದು ಹೇಳಿದೆವು. ‘ಸದ್ಯಕ್ಕೆ ಇದ ಐತಿ, ಒಯ್ರಿ’ ಅಂದರು. ಅವರದು ಕೆಟ್ಟ ಮನಸ್ಸಲ್ಲ, ಅವರ ಪಟ್ಟಿಯಲ್ಲಿ ಬೇರೆ ಇರಲಿಲ್ಲ. ಆ ತ್ರಿಚಕ್ರ ಇವತ್ತಿಗೂ ನಮ್ಮ ದನದ ಕೊಟ್ಟಿಗೆಯಲ್ಲಿದೆ, ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂಡುತ್ತದೆ. ಬ್ಯಾಟರಿ ಗಾಲಿಕುರ್ಚಿ ಬಂದದ್ದು ನಾಲ್ಕು ವರ್ಷದ ಹಿಂದೆ. ಅಂಗೈಯ ಬುಡದಿಂದ ಜಾಯ್‌ಸ್ಟಿಕ್ ದೂಡುತ್ತ ಅವನು ಮೊದಲ ದಿನ ತಾನೇ ಓಣಿಯ ತುದಿತನಕ ಹೋಗಿ ಬಂದ. ಹದಿನೈದು ವರ್ಷದ ಮೇಲೆ ಯಾರೂ ದೂಡದೆ ಹೋದದ್ದು. ಅವತ್ತು ನಮ್ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಓಣಿಯ ತುದಿಯ ಅಂಗಡಿಯಲ್ಲಿ ಅವನು ಬಿಸ್ಕಿಟ್ ಪೊಟ್ಟಣ ಕೊಂಡ. ಅಂಗಡಿಯವರು ಅದನ್ನು ತೊಡೆಯ ಮೇಲಿಟ್ಟರು, ದಾರಿಯಲ್ಲಿ ಬಿತ್ತು, ಅದರ ಪಕ್ಕದಲ್ಲೇ ಕುರ್ಚಿ ನಿಲ್ಲಿಸಿಕೊಂಡು ಯಾರಾದರೂ ಬರುವತನಕ ಕಾದ.

ನೆಲಕ್ಕೆ ಬಿದ್ದ ಬಿಸ್ಕಿಟ್ ಪೊಟ್ಟಣವನ್ನು ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ ಎತ್ತಿಕೊಳ್ಳುವ ಯಂತ್ರ ಜಗತ್ತಿನಲ್ಲಿ ಇದೆಯೇ? ಇದೆ. ಹೊಸದೇನಲ್ಲ. ನಮ್ಮ ಜಿಲ್ಲೆ ಹುಟ್ಟುವ ಹೊತ್ತಿಗೇ ಅದಕ್ಕೆ ಹತ್ತು ವರ್ಷ ದಾಟಿತ್ತು. ನೆದರ್ಲೆಂಡ್ಸ್‌ನಲ್ಲಿ ಸ್ನಾಯುಕ್ಷಯದ ಯುವಕರನ್ನು ಮನಸ್ಸಿನಲ್ಲಿಟ್ಟುಕೊಂಡು 1980ರ ದಶಕದ ನಡುವೆ ಶುರುವಾದ ‘ಮಾನುಸ್’ ಯೋಜನೆ ಗಾಲಿಕುರ್ಚಿಯ ಬದಿಗೆ ಕೂರುವ ಯಂತ್ರದ ತೋಳೊಂದನ್ನು ರೂಪಿಸಿತು. ಲ್ಯಾಟಿನ್‌ನಲ್ಲಿ ಮಾನುಸ್ ಎಂದರೆ ಕೈ. ಬೇಡದಾಗ ಮಡಚಿಕೊಂಡು ಕುರ್ಚಿಗೆ ಅಂಟಿಕೊಳ್ಳುತ್ತಿತ್ತು, ಬೇಕಾದಾಗ ಬಿಚ್ಚಿಕೊಂಡು ಕಪಾಟಿನಿಂದ ಡಬ್ಬಿ ತೆಗೆಯುತ್ತಿತ್ತು. ಅದರ ಮುಂದಿನ ರೂಪಗಳನ್ನು ಆ ದೇಶದ ಆರೋಗ್ಯ ವಿಮೆಯೇ ಜನರಿಗೆ ಕೊಡಿಸಿತು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಮೈಕ್ ಟಾಪಿಂಗ್ 1987ರಲ್ಲಿ, ಸೆರೆಬ್ರಲ್ ಪಾಲ್ಸಿ ಇದ್ದ ಹನ್ನೊಂದು ವರ್ಷದ ಹುಡುಗನೊಬ್ಬ ತಾನೇ ಊಟ ಮಾಡಲೆಂದು, ‘ಹ್ಯಾಂಡಿ 1’ ಎಂಬ ಉಣಿಸುವ ಯಂತ್ರ ಮಾಡಿದ. ಜಪಾನಿನ ಸೆಕಾಮ್ ಕಂಪನಿ 2002ರಲ್ಲಿ ‘ಮೈ ಸ್ಪೂನ್’ ತಂದಿತು.

ಇವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಕೆನಡಾದ ‘ಜಾಕೊ’. ಚಾರ್ಲ್ಸ್ ಡೆಗ್ಯೂರ್ ಎಂಬ ಯುವ ಎಂಜಿನಿಯರ್‌ನ ಬಳಗದಲ್ಲಿ ಮೂವರು ಮಾವಂದಿರಿಗೆ ಮಸ್ಕ್ಯುಲರ್ ಡಿಸ್ಟ್ರೋಫಿ ಇತ್ತು. ಅವರಲ್ಲೊಬ್ಬರು ಜಾಕ್, ಮನೆಮಂದಿಗೆ ಜಾಕೊ. ತಮಗೆ ಬೇಕಾದ ಕೈಯನ್ನು ಮನೆಯಲ್ಲೇ ಕೂತು ತಾವೇ ಕಟ್ಟಿಕೊಳ್ಳಲು ಹೊರಟವರು. ಅದನ್ನು ನೋಡುತ್ತ ಬೆಳೆದ ಹುಡುಗ 2006ರಲ್ಲಿ ಕಿನೋವಾ ಕಂಪನಿ ಕಟ್ಟಿ, ಯಂತ್ರಕ್ಕೆ ಮಾವನ ಹೆಸರನ್ನೇ ಇಟ್ಟ. ನನ್ನ ತಮ್ಮ ಬಿದ್ದದ್ದೂ ಅದೇ ವರ್ಷ. ಹೋಲಿಕೆಗೆ ಅರ್ಥವಿಲ್ಲ ಎಂದು ಗೊತ್ತು, ಆದರೂ ಆ ಇಸವಿ ಕಂಡಾಗಲೆಲ್ಲ ನಾನು ಒಂದು ಗಳಿಗೆ ಅಲ್ಲೇ ನಿಲ್ಲುತ್ತೇನೆ.

ಆ ತೋಳು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಏಕೆಂದರೆ ರೋಬೊ ಎಂದಾಕ್ಷಣ ನಮ್ಮವರ ಕಣ್ಣಿಗೆ ಸಿನಿಮಾ ಬರುತ್ತದೆ. ಜಾಕೊ ತೂಕ ಐದು ಕಿಲೊ ಆಸುಪಾಸು. ಆರು ಕೀಲುಗಳು, ತುದಿಗೆ ಮೂರು ಬೆರಳು. ಸುಮಾರು 90 ಸೆಂಟಿಮೀಟರ್ ದೂರ ಚಾಚುತ್ತದೆ, ಒಂದೂವರೆ ಕಿಲೊ ಹತ್ತಿರ ಎತ್ತುತ್ತದೆ. ತುಂಬಿದ ತಂಬಿಗೆ ಎತ್ತಬಹುದು, ನೀರು ತುಂಬಿದ ಕೊಡ ಆಗದು. ಕುರ್ಚಿಯ ಬ್ಯಾಟರಿಯಿಂದಲೇ ವಿದ್ಯುತ್ ತೆಗೆದುಕೊಳ್ಳುತ್ತದೆ. ಕುರ್ಚಿ ಓಡಿಸುವ ಅದೇ ಜಾಯ್‌ಸ್ಟಿಕ್‌ನಿಂದ ಅದನ್ನೂ ಆಡಿಸಬಹುದು. ಕಷ್ಟ ಇರುವುದೂ ಅಲ್ಲೇ. ಜಾಯ್‌ಸ್ಟಿಕ್‌ಗೆ ಹಿಂದೆ-ಮುಂದೆ, ಎಡ-ಬಲ ಇಷ್ಟೇ ಗೊತ್ತು. ಕೈಗಾದರೋ ಮೇಲೆ ಕೆಳಗೆ ಹೋಗುವುದು, ಮಣಿಕಟ್ಟು ತಿರುಗುವುದು, ಬಾಗುವುದು, ಬೆರಳು ಮುಚ್ಚುವುದು, ಬಿಚ್ಚುವುದು ಎಲ್ಲ ಬೇಕು. ಹಾಗಾಗಿ ಒಂದೊಂದು ಗುಂಡಿ ಒತ್ತಿ ‘ಈಗ ಚಾಚು’, ‘ಈಗ ತಿರುಗು’, ‘ಈಗ ಹಿಡಿ’ ಎಂದು ಬಗೆ ಬದಲಿಸುತ್ತಲೇ ಇರಬೇಕು. 2016ರ ಒಂದು ಅಧ್ಯಯನದಲ್ಲಿ, ಕೆಲಸಕ್ಕೆ ಹಿಡಿದ ಹೊತ್ತಿನ ಆರನೇ ಒಂದು ಪಾಲು ಹೀಗೆ ಬಗೆ ಬದಲಿಸುವುದರಲ್ಲೇ ಹೋಗುತ್ತದೆ ಎಂದು ಕಂಡುಬಂತು. ಆ ಅಧ್ಯಯನದ ತಂಡದಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ಸಿದ್ಧಾರ್ಥ ಶ್ರೀನಿವಾಸ ಇದ್ದರು. ಜಾಕೊ ತೋಳಿಗೆ ಕ್ಯಾಮೆರಾ ಕೂಡಿಸಿ, ತಟ್ಟೆಯಲ್ಲಿನ ತುತ್ತನ್ನು ಅದೇ ಗುರುತಿಸಿ ಬಾಯಿಗೆ ತರುವಂತೆ ಮಾಡುವ ಕೆಲಸ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅವರ ಪ್ರಯೋಗಾಲಯದಲ್ಲಿ ನಡೆದಿದೆ.

ಇನ್ನೂ ಮುಂದೆ ಹೋದದ್ದೂ ಉಂಟು. ಪಾರ್ಶ್ವವಾಯುವಿನಿಂದ ಮಾತು, ಕೈ, ಕಾಲು ಎಲ್ಲ ಕಳೆದುಕೊಂಡ ಅಮೆರಿಕದ ಮಹಿಳೆಯೊಬ್ಬರು ಮಿದುಳಿನಲ್ಲಿ ಇರಿಸಿದ ಸಣ್ಣ ಚಿಪ್‌ನ ಮೂಲಕ, ಬರೀ ಮನಸ್ಸಿನಲ್ಲಿ ನೆನೆದು, ಯಂತ್ರದ ಕೈಯಿಂದ ಕಾಫಿ ಬಾಟಲಿ ಎತ್ತಿ ಕುಡಿದರು. 2012ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂತು. ಹದಿನೈದು ವರ್ಷಗಳ ಹತ್ತಿರ ಅವರು ತಾವಾಗಿ ಏನನ್ನೂ ಕುಡಿದಿರಲಿಲ್ಲ. ಕಾಫಿ ಕುಡಿದ ಮೇಲೆ ಅವರ ಮುಖದಲ್ಲಿ ಬಂದ ನಗುವಿನ ಚಿತ್ರ ನೋಡಿದವರು ಮರೆಯುವುದಿಲ್ಲ.

ಜಾಕೊ ಕೆಲಸ ಮಾಡುವ ಒಂದು ವಿಡಿಯೊವನ್ನು ತಮ್ಮನಿಗೆ ತೋರಿಸಿದೆ. ಊಟದ ಬಗ್ಗೆ ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು, ‘ಕಿವಿ ಹಿಂದ ಕೆರಕೊಳ್ಳಾಕ ಬರ್ತೈತೇನು?’ ರಾತ್ರಿ ಎರಡು ಗಂಟೆಗೆ ತುರಿಕೆ ಬಂದರೆ ಅವ್ವನನ್ನು ಎಬ್ಬಿಸಬಾರದೆಂದು ಬೆಳಗಿನತನಕ ಸಹಿಸಿಕೊಂಡು ಮಲಗಿರುತ್ತಾನೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ನಮಗೆ ಹತ್ತಿರದ ಉದಾಹರಣೆ ಕೆನಡಾದಲ್ಲಿಲ್ಲ, ಪಕ್ಕದ ಗೋವಾದಲ್ಲಿದೆ. 2022ರಲ್ಲಿ ಅಲ್ಲಿನ ಒಬ್ಬ ದಿನಗೂಲಿ ತಂದೆ, ಕೈ ಆಡದ ಮಗಳಿಗೆ ಉಣಿಸುವ ಯಂತ್ರವೊಂದನ್ನು ತಾವೇ ಮಾಡಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಉಣಿಸುತ್ತಿದ್ದ ತಾಯಿಯ ಆರೋಗ್ಯ ಕೆಟ್ಟು, ತಂದೆ ಕೂಲಿ ಕೆಲಸದ ನಡುವೆ ಮನೆಗೆ ಓಡಿಬಂದು ಉಣಿಸಬೇಕಾಗಿತ್ತು. ತಂತ್ರಜ್ಞಾನದ ಓದಿರಲಿಲ್ಲ. ಕೆಲಸ ಮುಗಿಸಿ ಬಂದು ಕಲಿತು, ತಿಂಗಳುಗಟ್ಟಲೆ ಕೂತು ಮಾಡಿದರು. ತಟ್ಟೆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಮಗಳು ಬಾಯಿಮಾತಿನಲ್ಲಿ ಅನ್ನ ಎಂದರೆ ಅನ್ನ, ಪಲ್ಯ ಎಂದರೆ ಪಲ್ಯ ಚಮಚೆಯಲ್ಲಿ ಬರುತ್ತದೆ. ಗೋವಾ ಸರ್ಕಾರದ ನಾವೀನ್ಯ ಮಂಡಳಿ ಮುಂದಿನ ಕೆಲಸಕ್ಕೆ ಕೈ ಜೋಡಿಸಿತು. ನೆದರ್ಲೆಂಡ್ಸ್‌ನ ಎಂಜಿನಿಯರ್‌ಗಳಿಗೆ ಹೊಳೆದದ್ದು, ಕೆನಡಾದ ಅಳಿಯನಿಗೆ ಹೊಳೆದದ್ದು ಗೋವಾದ ಈ ತಂದೆಗೂ ಹೊಳೆಯಿತು. ಉಣಿಸುವ ಒಂದು ಜೊತೆ ಕೈ ಸೋತಾಗ ಏನು ಗತಿ ಎಂಬ ಪ್ರಶ್ನೆ ಮನೆಯ ಒಳಗೆ ಬಂದು ಕೂತವರಿಗೇ ಅದು ಹೊಳೆಯುತ್ತದೆ.

ಹಾಗಾದರೆ ಒಂದು ಜಾಕೊ ತಂದುಕೊಟ್ಟರೆ ಆಯಿತೇ? ಆಗದು. ಬೆಲೆ ಹತ್ತಾರು ಸಾವಿರ ಡಾಲರ್, ಅಂದರೆ ನಮ್ಮ ರೂಪಾಯಿಯಲ್ಲಿ ಲಕ್ಷಗಳಲ್ಲಿ ಎಣಿಸಬೇಕು. ಬೆಲೆಯ ಮಾತು ಬಿಟ್ಟರೂ, ಅಲ್ಲಿನ ಕೈ ಅಲ್ಲಿನ ಮನೆಗೆ ಹುಟ್ಟಿದ್ದು. ನಮ್ಮ ಹಳೇ ಮನೆಗಳ ಬಾಗಿಲು ಕಿರಿದು, ಹೊಸ್ತಿಲು ಎತ್ತರ. ಬ್ಯಾಟರಿ ಕುರ್ಚಿಯೇ ಗೀಚಿಕೊಂಡು ಒಳಗೆ ಬರುತ್ತದೆ, ಬದಿಗೊಂದು ತೋಳು ಕೂಡಿಸಿದರೆ ಪಡಸಾಲೆಯಲ್ಲೇ ನಿಲ್ಲಬೇಕು. ಬ್ಯಾಡಗಿಯಲ್ಲಿ ಹಂಗಾಮಿನ ಮೂರು ತಿಂಗಳು ಗಾಳಿಯಲ್ಲೇ ಮೆಣಸಿನಕಾಯಿಯ ಘಾಟು, ಸೂಕ್ಷ್ಮ ದೂಳು. ಆ ದೂಳಿನಲ್ಲಿ ಆರು ಕೀಲುಗಳು ಎಷ್ಟು ದಿನ ಸರಾಗ ಆಡುತ್ತವೆ? ಕೆಟ್ಟರೆ ರಿಪೇರಿ ಎಲ್ಲಿ?

ಊಟದ ವಿಷಯ ಇನ್ನೂ ದೊಡ್ಡದು. ಪಶ್ಚಿಮದ ಯಂತ್ರಗಳು ಫೋರ್ಕಿನಿಂದ ಚುಚ್ಚಿ ಎತ್ತುವುದನ್ನು ಕಲಿತಿವೆ, ಚಮಚೆಯಿಂದ ಗೋರುವುದನ್ನು ಕಲಿತಿವೆ. ಜೋಳದ ರೊಟ್ಟಿಯನ್ನು ಮುರಿದು, ಆ ತುಣುಕನ್ನೇ ಮಡಚಿ, ಬದನೆಕಾಯಿ ಎಣ್ಣೆಗಾಯಿಯನ್ನು ಅದರಲ್ಲಿ ಹಿಡಿದು, ಸೋರದಂತೆ ಬಾಯಿಗೆ ಒಯ್ಯುವುದನ್ನು ಯಾವ ಯಂತ್ರಕ್ಕೆ ಯಾರು ಕಲಿಸಿದ್ದಾರೆ? ನಾವು ಎರಡು ವರ್ಷದ ಮಗುವಾಗಿದ್ದಾಗ ಕಲಿತ ಈ ವಿದ್ಯೆ ಎಷ್ಟು ಕಠಿಣದ್ದು ಎಂಬುದು, ಬೆರಳು ಹೋದವನ ಪಕ್ಕದಲ್ಲಿ ಕೂತು ಉಂಡವರಿಗಷ್ಟೇ ತಿಳಿಯುತ್ತದೆ. ಕಡಕ್ ರೊಟ್ಟಿ ಚೂರಾಗುತ್ತದೆ, ಬಿಸಿ ರೊಟ್ಟಿ ಜೋಲುತ್ತದೆ. ರಾಣೆಬೆನ್ನೂರಿನ ಹೊಲಗಳಲ್ಲಿ ಹತ್ತಿ ಹೂವಿಗೆ ಹೂವು ತಾಗಿಸಿ ಸಂಕರ ಬೀಜ ಮಾಡುವ ಹೆಣ್ಣುಮಕ್ಕಳ ಬೆರಳು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಬೆರಳು, ಹಾವೇರಿಯಲ್ಲಿ ಏಲಕ್ಕಿ ಪೋಣಿಸಿ ಹಾರ ಕಟ್ಟುವ ಬೆರಳು. ಬೆರಳ ತುದಿಯ ಸೂಕ್ಷ್ಮದ ಮೇಲೆ ಬದುಕುವ ಜಿಲ್ಲೆ ನಮ್ಮದು. ಬೆರಳು ಏನು ಮಾಡುತ್ತದೆ ಎಂದು ತಿಳಿದವರು ನಮ್ಮಷ್ಟು ಯಾರಿದ್ದಾರೆ?

ಒಂದು ಆಕ್ಷೇಪ ಪದೇಪದೇ ಬರುತ್ತದೆ: ಅಷ್ಟು ದುಡ್ಡಿನಲ್ಲಿ ಇಬ್ಬರು ಆಳು ಇಟ್ಟುಕೊಳ್ಳಬಹುದಲ್ಲ, ನಮ್ಮಲ್ಲಿ ಕೈಗಳಿಗೇನು ಬರವೇ? ಇದನ್ನು ಹೇಳುವವರು ಆ ಕೈಗಳು ಯಾರವು ಎಂದು ನೋಡಬೇಕು. ಆಳು ಇಟ್ಟುಕೊಳ್ಳುವ ಶಕ್ತಿ ಇದ್ದ ಮನೆ ನೂರಕ್ಕೆ ಒಂದೋ ಎರಡೋ. ಉಳಿದ ಕಡೆ ಅವು ಹೆಣ್ಣಿನ ಕೈಗಳು, ಸಂಬಳವಿಲ್ಲದ ಕೈಗಳು, ವಯಸ್ಸಾಗುತ್ತಿರುವ ಕೈಗಳು. ಕೆನಡಾದಲ್ಲಿ 2011ರಲ್ಲಿ ಮಾಡಿದ ಒಂದು ಅಂದಾಜಿನ ಪ್ರಕಾರ ಜಾಕೊ ಇದ್ದರೆ ಆರೈಕೆಗೆ ಬೇಕಾಗುವ ಹೊತ್ತು ಶೇ 41ರಷ್ಟು ಇಳಿಯಬಹುದು. ಲೆಕ್ಕ ನಮ್ಮ ಮನೆಗಳಿಗೆ ಹಾಗೇ ಹೊಂದದಿರಬಹುದು. ಅದರ ಅರ್ಧದಷ್ಟು ಇಳಿದರೂ ನನ್ನ ಅವ್ವ ಮಧ್ಯಾಹ್ನ ಒಂದು ತಾಸು ಮಲಗಿಯಾಳು. ಇನ್ನೊಂದು ಮಾತು, ಅದನ್ನು ತಮ್ಮನೇ ಹೇಳಿದ್ದು. ‘ಕೇಳೋದು ತಪ್ಪತೈತಲ್ಲ ಅಣ್ಣಾ, ಅಷ್ಟ ಸಾಕು.’ ನೀರು ಬೇಕು ಎಂದು ದಿನಕ್ಕೆ ಎಂಟು ಸಲ ಕೇಳಬೇಕಾದವನು ಆರನೇ ಸಲ ಕೇಳುವುದನ್ನು ಬಿಡುತ್ತಾನೆ. ಬೆನ್ನುಹುರಿ ಪೆಟ್ಟಿನವರಿಗೆ ಮೂತ್ರದ ಸೋಂಕು ಮೇಲಿಂದ ಮೇಲೆ ಬರುವುದಕ್ಕೆ ಕಡಿಮೆ ನೀರು ಕುಡಿಯುವುದೂ ಒಂದು ಕಾರಣ. ಸಂಕೋಚ ಕಾಯಿಲೆಯಾಗುವುದು ಹೀಗೆ.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2016ರ ಹೊಸ ಕಾಯ್ದೆ ಏಳರ ಬದಲು 21 ಬಗೆಯ ನ್ಯೂನತೆಗಳನ್ನು ಗುರುತಿಸಿತು, ಮಸ್ಕ್ಯುಲರ್ ಡಿಸ್ಟ್ರೋಫಿ ಮೊದಲ ಸಲ ಹೆಸರು ಹಿಡಿದು ಒಳಗೆ ಬಂತು. ಆ ಕಾಯ್ದೆಯ 38ನೇ ಕಲಮು ಹೆಚ್ಚಿನ ಆಸರೆ ಬೇಕಾದವರ ಬಗ್ಗೆಯೇ ಇದೆ. ತನಗೆ ಅಂಥ ಆಸರೆ ಬೇಕೆಂದು ವ್ಯಕ್ತಿಯೇ ಅರ್ಜಿ ಹಾಕಬಹುದು, ಮಂಡಳಿಯೊಂದು ನೋಡಿ ನಿರ್ಧರಿಸಬೇಕು. ನಮ್ಮ ಮೂರೂ ಊರುಗಳಲ್ಲಿ ನಾನು ಮಾತಾಡಿಸಿದ ಗಾಲಿಕುರ್ಚಿಯವರಲ್ಲಿ ಈ ಕಲಮಿನ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ. ಅದನ್ನು ತಿಳಿಸುವುದು ಪತ್ರಿಕೆಯ ಕೆಲಸವಾಗಿತ್ತು. ಇಷ್ಟು ವರ್ಷ ನಾವು ಸಾಧನ ವಿತರಣೆಯ ಫೋಟೊ ಅಚ್ಚು ಹಾಕಿದೆವು, ವೇದಿಕೆಯ ಮೇಲಿದ್ದವರ ಹೆಸರು ಸಾಲಾಗಿ ಕೊಟ್ಟೆವು. ಕೊಟ್ಟ ಗಾಲಿಗಳಲ್ಲಿ ಎಷ್ಟು ಓಡುತ್ತಿವೆ, ಎಷ್ಟು ಕೊಟ್ಟಿಗೆ ಸೇರಿವೆ ಎಂದು ಒಂದು ಸಲವೂ ತಿರುಗಿ ನೋಡಲಿಲ್ಲ. ನನ್ನ ಮನೆಯ ಕೊಟ್ಟಿಗೆಯಲ್ಲೇ ಒಂದಿದ್ದರೂ ಬರೆಯಲಿಲ್ಲ. ಇದು ನನ್ನ ತಪ್ಪು.

ಎಣಿಕೆಯೂ ಕೈಯನ್ನು ಬಿಟ್ಟಿದೆ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಅದರಲ್ಲಿ ‘ಚಲನೆ’ ಎಂಬ ಒಂದೇ ಕಲಂ. ಒಂದು ಕಾಲು ಕುಂಟುವವರೂ, ಕುತ್ತಿಗೆಯಿಂದ ಕೆಳಗೆ ಏನೂ ಆಡದವರೂ ಅದರೊಳಗೇ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಅಲ್ಲಿಯತನಕ ಕಾಯಬೇಕಾಗಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಬೇರೆ ರಾಜ್ಯಗಳು ನೋಡಿ ಕಲಿಯಬೇಕಾದ ವ್ಯವಸ್ಥೆ ಅದು. ಲೋಟ ಹಿಡಿಯುತ್ತಾರಾ, ಗುಂಡಿ ಹಾಕಿಕೊಳ್ಳುತ್ತಾರಾ, ಬಿದ್ದದ್ದನ್ನು ಎತ್ತಿಕೊಳ್ಳುತ್ತಾರಾ ಎಂಬ ಮೂರು ಪ್ರಶ್ನೆ ಅವರ ವಹಿಯಲ್ಲಿ ಸೇರಿಸಿದರೆ ಹಾವೇರಿ ಜಿಲ್ಲೆಗೆ ಎಷ್ಟು ಕೈ ಬೇಕು ಎಂಬುದು ಗೊತ್ತಾಗುತ್ತದೆ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆಂದು ತೆಗೆದಿಡಬೇಕಾದ ಶೇ 5ರ ಅನುದಾನ ಯಾವುದಕ್ಕೆ ಹೋಗಬೇಕು ಎಂಬುದೂ ಆಗ ತಿಳಿದೀತು.

ಮಾಡುವವರು ದೂರವಿಲ್ಲ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಟೊಮೇಷನ್ ಮತ್ತು ರೋಬೊಟಿಕ್ಸ್ ವಿಭಾಗವೇ ಇದೆ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಏನು ಬೇಕಾದರೂ ಕಡೆದುಕೊಡುವ ಕಾರ್ಖಾನೆಗಳಿವೆ, ರಾಣೆಬೆನ್ನೂರಿನಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಬೆಸೆಯುವ ಲೇತ್ ಅಂಗಡಿಗಳಿವೆ. ಆರು ಕೀಲಿನ ತೋಳಿನಿಂದಲೇ ಶುರು ಮಾಡಬೇಕಿಲ್ಲ. ಗೋವಾದ ಆ ತಂದೆ ತಟ್ಟೆಯ ಮುಂದೆ ಕೂರುವ ಯಂತ್ರದಿಂದ ಶುರು ಮಾಡಿದರು. ನಮ್ಮವರು ನೆಲದಿಂದ ಎತ್ತಿಕೊಡುವ ಒಂದೇ ಕೆಲಸದ, ಎರಡೇ ಬೆರಳಿನ ಕೈಯಿಂದ ಶುರು ಮಾಡಲಿ. ಆದರೆ ಮೊದಲ ದಿನದಿಂದ ಅದರ ಪಕ್ಕದಲ್ಲಿ ಅದನ್ನು ಬಳಸುವವನು ಕೂತಿರಬೇಕು. ಪ್ರಶಸ್ತಿಗೆಂದು ಮಾಡಿ, ಪ್ರದರ್ಶನ ಮುಗಿದ ಮೇಲೆ ಕಪಾಟು ಸೇರುವ ಮಾದರಿಗಳು ಕಾಲೇಜುಗಳಲ್ಲಿ ಬೇಕಾದಷ್ಟಿವೆ.

ಛಲದಿಂದಲೇ ಮೇಲೆ ಬಂದವರೂ ಇದ್ದಾರೆ. ಕೈಕಾಲು ಎರಡನ್ನೂ ಬಾಲ್ಯದಲ್ಲೇ ಪೋಲಿಯೊಗೆ ಕಳೆದುಕೊಂಡ ಕೆ.ಎಸ್. ರಾಜಣ್ಣ ಅವರು ರಾಜ್ಯದ ಅಂಗವಿಕಲರ ಆಯುಕ್ತರಾಗಿದ್ದರು, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಪ್ರಶಸ್ತಿ ಸ್ವೀಕರಿಸುವುದನ್ನು ಟಿ.ವಿ.ಯಲ್ಲಿ ನೋಡುತ್ತ ನಮ್ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅಂಥವರ ಛಲ ದೊಡ್ಡದು. ಎಲ್ಲರಿಗೂ ಅಷ್ಟು ಛಲ ಇರಲೇಬೇಕು ಎಂದು ಕೇಳುವ ಹಕ್ಕು ಮಾತ್ರ ನಮಗಿಲ್ಲ. ಸಾಮಾನ್ಯ ಮನುಷ್ಯನೂ ಒಂದು ಲೋಟ ನೀರನ್ನು ತಾನೇ ಕುಡಿಯುವಂತಿರಬೇಕು.

ತಮ್ಮ ಇವತ್ತು ಉಣ್ಣುವುದು ಒಂದು ತೊಗಲಿನ ಪಟ್ಟಿಯಿಂದ. ಅಂಗೈ ಸುತ್ತ ಬಿಗಿಯುವ ಪಟ್ಟಿ, ಅದರಲ್ಲೊಂದು ಸಣ್ಣ ಜೇಬು, ಜೇಬಿಗೆ ಚಮಚೆಯ ಹಿಡಿ. ಫಿಸಿಯೊಥೆರಪಿಯವರು ಒಮ್ಮೆ ಚಿತ್ರ ಬರೆದುಕೊಟ್ಟದ್ದನ್ನು ಬ್ಯಾಡಗಿಯಲ್ಲಿ ಚಪ್ಪಲಿ ಹೊಲಿಯುವ ಅಜ್ಜ ಹೊಲಿದುಕೊಟ್ಟರು. ಅನ್ನ, ಸಾರು, ಮಂಡಕ್ಕಿ ಅದರಿಂದ ಆಗುತ್ತದೆ. ರೊಟ್ಟಿಗೆ ಅವ್ವನೇ ಬೇಕು. ಹೋದ ತಿಂಗಳು ಪಟ್ಟಿ ಹರಿಯಿತು. ಅಜ್ಜನಿಗೆ ಕಣ್ಣು ಮಂಜಾಗಿದೆ, ಅಂಗಡಿಗೆ ಬರುವುದು ಕಡಿಮೆ ಎಂದರು. ಹೇಳಿಕಳಿಸಿದೆವು. ಸಂಜೆ ಮೊಮ್ಮಗನ ಬೈಕಿನ ಮೇಲೆ ಮನೆಗೇ ಬಂದರು. ‘ಕೈ ಎತ್ತ ನೋಡೂನು’ ಅಂದರು. ತಮ್ಮ ಎತ್ತಿದ. ಮಣಿಕಟ್ಟು ಎಷ್ಟು ಮೇಲೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಚಮಚೆ ಯಾವ ಕಡೆ ವಾಲುತ್ತದೆ ಎಂದು ಮತ್ತೆ ಮತ್ತೆ ಎತ್ತಿಸಿ ನೋಡಿದರು. ಚಮಚೆಯ ಕತ್ತು ಒಂದಿಷ್ಟು ಒಳಗೆ ಬಾಗಿಸಿದರೆ ಸಾರು ಚೆಲ್ಲುವುದಿಲ್ಲ ಎಂದು ತಮ್ಮ ಹೇಳಿದ. ಅಜ್ಜ ತಲೆಯಾಡಿಸಿ, ಸೊಂಟದಿಂದ ಒಂದು ದಾರ ತೆಗೆದು, ಅವನ ಅಂಗೈ ಸುತ್ತ ಸುತ್ತಿ, ಗಂಟು ಹಾಕಿ ಗುರುತು ಮಾಡಿಕೊಂಡರು. ಇಷ್ಟು ವರ್ಷಗಳಲ್ಲಿ ಸೊಂಟ ಅಳೆದವರಿದ್ದರು, ಕಾಲು ಅಳೆದವರಿದ್ದರು. ಅವನ ಕೈಯ ಅಳತೆ ತೆಗೆದುಕೊಂಡವರು ಅವರೊಬ್ಬರೇ.